ಮರ ಬರುವುದಕ್ಕೆ ಮುಂಚಿನ ಕ್ರಿಸ್ಮಸ್

ಕ್ರಿಸ್ಮಸ್ಸನ್ನು ಮನೆಮಟ್ಟಿಗೆ ಸರಳವಾಗಿ, ಪ್ರಾರ್ಥನೆಯನ್ನೇ ನಡುವಿಟ್ಟುಕೊಂಡು ಮಾಡೋಣ ಎಂದು ಕುಟುಂಬದಲ್ಲಿ ಯಾರಾದರೂ ಬಾಯಿ ತೆರೆದರೆ ಎರಡು ಬಗೆಯ ಉತ್ತರ ಬರುತ್ತದೆ. ಇದು ತಲೆಮಾರುಗಳಿಂದ ನಡೆದು ಬಂದದ್ದನ್ನು ಕೈಬಿಡುವ ಮಾತು, ಹಬ್ಬವನ್ನೇ ಬಡವಾಗಿಸುವ ಮಾತು ಎನ್ನುವವರು ಕೆಲವರು. ಇನ್ನು ಕೆಲವರ ಕಣ್ಣಿಗೆ ಇದು ಹೊರದೇಶದಿಂದ ಈಚೆಗೆ ಬಂದ ಹೊಸ ವಿಚಾರ: ಅಲ್ಲಿಯವರು ಕೊಂಡು ಕೊಂಡು ದಣಿದಿದ್ದಾರೆ, ಈಗ ಕಡಿಮೆ ಮಾಡಿಕೊಳ್ಳುತ್ತಿದ್ದಾರೆ; ಈಗಷ್ಟೇ ನಾಲ್ಕು ಕಾಸು ಕಂಡ ನಮಗೆ ಅದೇಕೆ? ತುಮಕೂರು, ಅದರ ಉತ್ತರಕ್ಕಿರುವ ಕೋರ ಹೋಬಳಿ, ಪಶ್ಚಿಮದ ಗುಬ್ಬಿ, ದಕ್ಷಿಣದ ಕುಣಿಗಲ್, ಈ ಸೀಮೆಯ ಪ್ರಾಟೆಸ್ಟಂಟ್ ಸಭೆಗಳ ಚರಿತ್ರೆಯನ್ನು ಇಸವಿ ಹಿಡಿದು ನೋಡಿದರೆ ಈ ಎರಡೂ ಉತ್ತರಗಳು ನಿಲ್ಲುವುದಿಲ್ಲ. ಇಲ್ಲಿ ಸರಳ ಕ್ರಿಸ್ಮಸ್ಸೇ ಹಳೆಯದು. ನಾವು ಇಂದು ಸಂಪ್ರದಾಯವೆಂದು ಕರೆಯುವ ಮರ, ಕಾರ್ಡು, ಉಡುಗೊರೆ ಪೊಟ್ಟಣ, ಕೆಂಪಂಗಿಯ ಅಜ್ಜ ಎಲ್ಲವೂ ಆಮೇಲೆ ಬಂದು ಸೇರಿದವು. ಯಾವುದು ಬುಡ, ಯಾವುದು ಮೇಲಿನ ಪದರ ಎಂದು ತಿಳಿದರೆ, ಏನನ್ನು ಉಳಿಸಬೇಕು, ಏನನ್ನು ಬಿಡಬಹುದು ಎಂಬ ಮಾತು ಮನೆಯೊಳಗೆ ಜಗಳವಿಲ್ಲದೆ ನಡೆಯುತ್ತದೆ.

ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿದ್ದು 1837ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಳು. ಇಂಗ್ಲಿಷ್ ಕ್ರಿಸ್ಮಸ್ ಎಂದರೆ ಇಂದು ನಮ್ಮ ಕಣ್ಣಮುಂದೆ ಬರುವ ಚಿತ್ರವೆಲ್ಲ ಅವಳ ಆಳ್ವಿಕೆಯಲ್ಲಿ, ಒಂದೊಂದಾಗಿ ರೂಪುಗೊಂಡದ್ದು. ಮೊದಲ ಕ್ರಿಸ್ಮಸ್ ಕಾರ್ಡನ್ನು ಹೆನ್ರಿ ಕೋಲ್ ಅಚ್ಚು ಹಾಕಿಸಿದ್ದು 1843ರಲ್ಲಿ. ಹಬ್ಬದ ಊಟ, ಕುಟುಂಬದ ಕೂಟ, ಉದಾರತೆ ಇವುಗಳನ್ನು ಒಂದೇ ಕಥೆಯಲ್ಲಿ ಹೊಸೆದ ಡಿಕನ್ಸ್‌ನ ಪುಸ್ತಕ ಹೊರಬಂದದ್ದೂ ಅದೇ ವರ್ಷ. ರಾಜದಂಪತಿ ಸಿಂಗರಿಸಿದ ಮರದ ಸುತ್ತ ಮಕ್ಕಳೊಂದಿಗೆ ನಿಂತ ಚಿತ್ರ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಬಂದು, ಮಧ್ಯಮ ವರ್ಗದ ಮನೆಗಳಿಗೆ ಮರ ಹರಡತೊಡಗಿದ್ದು 1848ರಿಂದೀಚೆಗೆ. ಥಾಮಸ್ ನ್ಯಾಸ್ಟ್ ಅಮೆರಿಕದ ಪತ್ರಿಕೆಯಲ್ಲಿ ಸಾಂಟಾ ಕ್ಲಾಸ್‌ನನ್ನು ಬರೆಯತೊಡಗಿದ್ದು 1863ರಲ್ಲಿ. ಹಾಡ್ಸನ್ ಗುಬ್ಬಿಗೆ ಬಂದಾಗ ಅವನ ಪೆಟ್ಟಿಗೆಯಲ್ಲಿ ಇವು ಯಾವುವೂ ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಅವನ ಊರಿನಲ್ಲೇ ಅವು ಇನ್ನೂ ವಾಡಿಕೆಗೆ ಬಂದಿರಲಿಲ್ಲ. ಗುಬ್ಬಿಯ ಸಭೆ ಕ್ರಿಸ್ಮಸ್ ಕಾರ್ಡಿಗಿಂತ ಆರು ವರ್ಷ ಹಿರಿಯದು. ಈ ಒಂದು ಲೆಕ್ಕವನ್ನು ನಮ್ಮ ಸಭೆಗಳು ನೆನಪಿಟ್ಟುಕೊಂಡಿಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇದಕ್ಕೆ ತಿಳಿದವರೊಬ್ಬರು ಆಕ್ಷೇಪ ಎತ್ತಬಹುದು. ಮೂರನೆಯ ಜಾರ್ಜನ ರಾಣಿ ಶಾರ್ಲಟ್ 1800ರಲ್ಲೇ ವಿಂಡ್ಸರಿನಲ್ಲಿ ಮರ ನಿಲ್ಲಿಸಿದ್ದಳಲ್ಲ? ಜರ್ಮನ್ ನಾಡಿನಲ್ಲಿ ಅದು ಅದಕ್ಕಿಂತಲೂ ಹಳೆಯ ವಾಡಿಕೆಯಲ್ಲವೇ? ನಿಜ. ಆದರೆ ಅರಮನೆಯ ಮರ ಅರಮನೆಯಲ್ಲೇ ಉಳಿಯಿತು. ಅದು ಊರೂರು ತಿರುಗುವ ಮೆಥಡಿಸ್ಟ್ ಬೋಧಕನ ಮನೆಯ ವಾಡಿಕೆಯಾಗಿರಲಿಲ್ಲ. ಜರ್ಮನ್ ಭಾಷೆಯ ನಾಡುಗಳಿಂದ ಬಂದ ಬಾಸೆಲ್ ಮಿಷನ್ 1834ರಿಂದ ಮಂಗಳೂರಿನಲ್ಲಿ, ಆಮೇಲೆ ಧಾರವಾಡದ ಕಡೆ ನೆಲೆಯೂರಿತು. ಅದು ಬೇರೆ ಧಾರೆ. ಕರಾವಳಿಯ ಕ್ರೈಸ್ತರ ಕುಸ್ವಾರ್ ತಿಂಡಿಗಳ ತಟ್ಟೆ, ಕೊಂಕಣಿ ಕೆಥೋಲಿಕರ ಗೋದಲಿ, ಇವೆಲ್ಲಕ್ಕೂ ಅವುಗಳದೇ ಚರಿತ್ರೆಯಿದೆ. ತುಮಕೂರು ಸೀಮೆಯ ಪ್ರಾಟೆಸ್ಟಂಟರು ಈ ಹಬ್ಬವನ್ನು ಪಡೆದದ್ದು ಇಂಗ್ಲಿಷ್ ಮೆಥಡಿಸ್ಟರಿಂದ, ಅದೂ ಅವರ ಹಬ್ಬ ಇನ್ನೂ ಅಲಂಕಾರ ತೊಡದಿದ್ದ ಕಾಲದಲ್ಲಿ. ಮಂಗಳೂರನ್ನೋ ಬೆಂಗಳೂರಿನ ದಂಡನ್ನೋ ನೋಡಿ ನಮ್ಮದು ಕಡಿಮೆಯಾಯಿತು ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹಾಗಾದರೆ ಹಾಡ್ಸನ್ ಮತ್ತು ಅವನ ಜೊತೆಯವರು ತಂದದ್ದಾದರೂ ಏನು? ಮೊದಲನೆಯದು ಹಾಡು. ಮೆಥಡಿಸ್ಟ್ ಚಳವಳಿಯ ಚಾರ್ಲ್ಸ್ ವೆಸ್ಲಿ 1745ರಲ್ಲೇ ಕ್ರಿಸ್ತನ ಜನನವನ್ನು ಕುರಿತ ಗೀತೆಗಳ ಒಂದು ಪುಟ್ಟ ಸಂಗ್ರಹ ಪ್ರಕಟಿಸಿದ್ದ. ಇಂದಿಗೂ ಜಗತ್ತಿನೆಲ್ಲೆಡೆ ಡಿಸೆಂಬರಿನಲ್ಲಿ ಕೇಳಿಬರುವ ಕ್ಯಾರಲ್‌ಗಳಲ್ಲಿ ಒಂದು ಅವನದೇ. ಎರಡನೆಯದು ಶಿಸ್ತು. ಅವನ ಅಣ್ಣ ಜಾನ್ ವೆಸ್ಲಿ 1743ರ ನಿಯಮಗಳಲ್ಲಿ ಚಿನ್ನವನ್ನೂ ದುಬಾರಿ ಉಡುಪನ್ನೂ ದೂರವಿಡಲು ಸದಸ್ಯರಿಗೆ ಹೇಳಿದ್ದ. ಹಣದ ಬಳಕೆ ಕುರಿತ ಅವನ ಪ್ರಸಿದ್ಧ ಪ್ರಸಂಗದ ತಿರುಳು, ದುಡಿಯಬೇಕು, ಉಳಿಸಬೇಕು, ಉಳಿಸಿದ್ದನ್ನು ಕೊಟ್ಟುಬಿಡಬೇಕು ಎಂಬುದು. ಮೂರನೆಯದು ಪ್ರೀತಿಭೋಜನ. ಮೊರೇವಿಯನ್ನರಿಂದ ಮೆಥಡಿಸ್ಟರು ಎರವಲು ಪಡೆದ ಈ ಕೂಟದಲ್ಲಿ ಬರೀ ರೊಟ್ಟಿ ಮತ್ತು ನೀರು ಕೈಯಿಂದ ಕೈಗೆ ಸಾಗುತ್ತಿತ್ತು, ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳುತ್ತಿದ್ದರು, ಕೊನೆಯಲ್ಲಿ ಬಡವರಿಗಾಗಿ ಕಾಣಿಕೆ ಎತ್ತುತ್ತಿದ್ದರು. ಊಟ ಎಷ್ಟು ಸಪ್ಪೆಯಾಗಿದ್ದರೂ ಅದು ಹಬ್ಬವೇ ಆಗಿತ್ತು, ಏಕೆಂದರೆ ಜನ ಕೂಡುತ್ತಿದ್ದರು, ಹಾಡುತ್ತಿದ್ದರು, ಹಂಚಿಕೊಳ್ಳುತ್ತಿದ್ದರು. ಇಂದಿಗೂ ನಮ್ಮ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಜನ ತುಂಬುವುದು, ವರ್ಷದ ಮೊದಲಲ್ಲಿ ಒಡಂಬಡಿಕೆಯ ಆರಾಧನೆ ನಡೆಯುವುದು ಅದೇ ಮೆಥಡಿಸ್ಟ್ ಬಳುವಳಿ. ಮರ, ಕೇಕುಗಳಿಗಿಂತ ಆ ಜಾಗರಣೆ ನಮ್ಮಲ್ಲಿ ಹಳೆಯದು, ಆಳವಾದದ್ದು.

ಗುಬ್ಬಿಗೆ 1839ರಲ್ಲಿ ಇಪ್ಪತ್ತರ ಹರೆಯದ ಒಬ್ಬ ಐರಿಷ್ ತರುಣ ಬಂದ, ವಿಲಿಯಂ ಆರ್ಥರ್. ಕಣ್ಣು ಕೆಟ್ಟು 1841ರಲ್ಲಿ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ತನ್ನ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಬರೆದ. ಆ ಪುಸ್ತಕವನ್ನು ಚರಿತ್ರಕಾರರು ಬಲ್ಲರು. ಅವನ ಇನ್ನೊಂದು ಕೆಲಸವನ್ನು ನಮ್ಮಲ್ಲಿ ನೆನೆಯುವವರು ಕಡಿಮೆ: 1855ರಲ್ಲಿ ಅವನು, ಪ್ರತಿಯೊಬ್ಬನೂ ತನ್ನ ಆದಾಯದಲ್ಲಿ ಒಂದು ಗೊತ್ತಾದ ಪಾಲನ್ನು ಮೊದಲೇ ತೆಗೆದಿಟ್ಟು ಕೊಟ್ಟುಬಿಡಬೇಕು ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಿದ, ಅದು ಅಚ್ಚಾಗಿ ದೂರದೂರ ಹೋಯಿತು. ಉಳಿದರೆ ಕೊಡೋಣ ಎಂಬುದು ದಾನದ ಕ್ರಮವಲ್ಲ, ಕೊಟ್ಟು ಉಳಿದದ್ದರಲ್ಲಿ ಬಾಳುವುದೇ ಕ್ರಮ ಎಂಬುದು ಅವನ ವಾದ. ಹಬ್ಬದ ಖರ್ಚಿನ ಬಗ್ಗೆ ಇವತ್ತು ಮನೆಗಳಲ್ಲಿ ನಡೆಯುವ ಚರ್ಚೆಗೆ ಇದಕ್ಕಿಂತ ನೇರವಾದ ಸಲಹೆ ನನಗೆ ಗೊತ್ತಿಲ್ಲ. ಗುಬ್ಬಿಯ ಹಳ್ಳಿಗಳೇ ಅವನಿಗೆ ಈ ಪಾಠ ಕಲಿಸಿದವು ಎಂದು ಹೇಳಿದರೆ ಅತಿಯಾದೀತು. ಆದರೆ ಗುಬ್ಬಿಯ ಸಭೆ ಅದನ್ನು ತನ್ನ ಮನೆಯವನೊಬ್ಬ ಹೇಳಿದ ಮಾತು ಎಂದು ಸ್ವೀಕರಿಸಲು ಅಡ್ಡಿಯೇನೂ ಇಲ್ಲ.

ಈ ಹಬ್ಬಕ್ಕೆ ಬೇಕಾದ ಇನ್ನೊಂದು ಸಲಕರಣೆ ಆಗಲೇ ಕನ್ನಡದಲ್ಲಿ ಸಿದ್ಧವಾಗಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ದುಡಿದು ತಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಿತು. ಹಾಡ್ಸನ್ ಗುಬ್ಬಿಗೆ ಬರುವ ಹೊತ್ತಿಗೆ ಅದಕ್ಕೆ ಆರೇ ವರ್ಷ. ಮನೆಯಲ್ಲಿ ಒಂದು ಪುಸ್ತಕ, ಅದನ್ನು ಓದಬಲ್ಲ ಒಬ್ಬರು, ಒಂದು ದೀಪ, ಇಷ್ಟಿದ್ದರೆ ಕ್ರಿಸ್ಮಸ್ ಆಗುತ್ತದೆ. ಮಿಷನ್ ತಾನು ಹೋದಲ್ಲೆಲ್ಲ ಶಾಲೆ ತೆರೆದದ್ದಕ್ಕೂ ಮನೆ ಆರಾಧನೆಗೂ ಇರುವ ನಂಟು ಇದೇ: ಓದಲು ಬಾರದ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಉಪದೇಶಿಯ ದಾರಿ ಕಾಯಬೇಕು. 1862ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದ. ಪುರಾಣ ಕೇಳಿ ಬೆಳೆದ ಕಿವಿಗೆ ಈ ಕಥೆಯೂ ಅದೇ ದಾರಿಯಲ್ಲಿ ಮುಟ್ಟಬೇಕು ಎಂಬ ಅವನ ತಿಳಿವಳಿಕೆ ದೊಡ್ಡದು.

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಈ ಸೀಮೆಯಲ್ಲಿ ಕೂತು ಓದಿದರೆ ಅದಕ್ಕೆ ಹೊರಗಿನ ಸಿಂಗಾರ ಎಷ್ಟು ಅನಗತ್ಯ ಎಂಬುದು ತಿಳಿಯುತ್ತದೆ. ಅಲ್ಲಿ ಇರುವುದು ಖಾನೇಷುಮಾರಿಗೆ ಹೆಸರು ಬರೆಸಲು ದೂರ ನಡೆದ ಬಡ ದಂಪತಿ, ದನದ ಮೇವಿನ ಗೋದಲಿ, ರಾತ್ರಿ ಬಯಲಲ್ಲಿ ಮಂದೆ ಕಾಯುವ ಕುರುಬರು. ಗುಬ್ಬಿ, ಚಿಕ್ಕನಾಯಕನಹಳ್ಳಿ, ಶಿರಾ ಕಡೆಯವರಿಗೆ ಕುರಿಮಂದೆ, ಕಂಬಳಿ, ಹಟ್ಟಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಮಳೆಯಾಶ್ರಯದ ರಾಗಿ ಕೊಯ್ಲು ಮುಗಿದು ಮೆದೆ ಬಿದ್ದಿರುತ್ತದೆ, ಕಣ ಸಿದ್ಧವಾಗುತ್ತದೆ, ಮಂಜಿಗೆ ಸೊಗಡೇರಿದ ಅವರೆಕಾಯಿ ಸಂತೆ ತುಂಬುತ್ತದೆ. ಕಣ ಕಾಯಲು ಬಯಲಲ್ಲಿ ಮಲಗುತ್ತಿದ್ದ ಜನರಿಗೆ ಕುರುಬರ ಆ ರಾತ್ರಿ ಪರದೇಶದ ಕಥೆಯಾಗಿ ಕೇಳಿರಲಾರದು. ಹಿಮ ಬೀಳುವ ಊರಿನ ಪೈನ್ ಮರ, ಹತ್ತಿಯ ಹಿಮ, ಜಾರುಬಂಡಿ ಇವೆಲ್ಲ ಬಂದ ಮೇಲೆಯೇ ಈ ಹಬ್ಬ ನಮ್ಮದಲ್ಲದ್ದರಂತೆ ಕಾಣತೊಡಗಿತು. ಹೊಸ ರಾಗಿಯ ಮುದ್ದೆ, ಅವರೆಕಾಳಿನ ಸಾರು, ತೆಂಗಿನ ನಾಡಿನ ಕಾಯಿ ಒಬ್ಬಟ್ಟು, ಕರಜಿಕಾಯಿ: ಈ ನೆಲ ಈ ತಿಂಗಳಲ್ಲಿ ತಾನಾಗಿ ಕೊಡುವ ಹಬ್ಬದೂಟ ಇದು. ಇದರಲ್ಲಿ ಬಡತನದ ಗುರುತೇನೂ ಇಲ್ಲ.

ಆಮೇಲೆ ಬಂದದ್ದು ಧಾತು ಈಶ್ವರ ಬರ. 1876ರಿಂದ 78ರವರೆಗಿನ ಆ ಕ್ಷಾಮದ ಅಳತೆ ಜನಗಣತಿಯಲ್ಲೇ ಇದೆ: 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹಳ್ಳಿಗೆ ಹಳ್ಳಿ ಬರಿದಾದವು, ತಂದೆತಾಯಿ ಸತ್ತ ಮಕ್ಕಳು ರಸ್ತೆಯಲ್ಲಿ ಉಳಿದರು. ವೆಸ್ಲಿಯನ್ ಮಿಷನ್ ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ನಡೆಸಿತು. ಅಲ್ಲಿ ಬೆಳೆದವರು ಮುಂದೆ ಕಟ್ಟಿಕೊಂಡ ಸಂಸಾರಗಳಿಗೆ ಅಜ್ಜಿ ಹೇಳಿಕೊಟ್ಟ ಕ್ರಿಸ್ಮಸ್ ಪದ್ಧತಿ ಎಂಬುದಿರಲಿಲ್ಲ. ಅವರಿಗೆ ಸಭೆಯೇ ತವರು, ಸಭೆಯ ಆರಾಧನೆಯೇ ಹಬ್ಬ. ಹಸಿವಿನಿಂದ ಬದುಕಿ ಉಳಿದವರ ಹಬ್ಬದಲ್ಲಿ ಉಂಡ ಅನ್ನಕ್ಕೆ ಸ್ತೋತ್ರ ಹೇಳುವುದೇ ಎಲ್ಲಕ್ಕಿಂತ ಮೊದಲಿನದಾಗಿರಬೇಕು.

ಇಲ್ಲಿಗೆ ಬಂದಾಗ ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ನೀವು ಸರಳತೆ ಎಂದು ಹೊಗಳುತ್ತಿರುವುದು ಬರೀ ಬಡತನ; ಕೈಯಲ್ಲಿ ಕಾಸಿರಲಿಲ್ಲ, ಆದ್ದರಿಂದ ಕೊಳ್ಳಲಿಲ್ಲ; ಅದನ್ನು ಸದ್ಗುಣ ಮಾಡಬೇಡಿ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಬರಗಾಲದ ಅನಾಥ ಮಗುವಿನ ಖಾಲಿ ಕೈಯನ್ನು ಆದರ್ಶವೆಂದು ತೋರಿಸುವುದು ಕ್ರೌರ್ಯವೇ ಸರಿ. ಆದರೆ ಎರಡು ಸಂಗತಿ ಗಮನಿಸಬೇಕು. ಒಂದು, ಈ ಹಬ್ಬವನ್ನು ತಂದವರು ಬಡವರಾಗಿರಲಿಲ್ಲ. ಆದಾಯದ ಪಾಲಿನ ಬಗ್ಗೆ ಆರ್ಥರ್ ಹೇಳಿದ್ದು ಆದಾಯವಿದ್ದ ಪ್ರತಿಯೊಬ್ಬರಿಗೂ. ಅಂದರೆ ಸರಳತೆ ಉಳ್ಳವರಿಗೆ ಕಲಿಸಿದ ಪಾಠವೂ ಆಗಿತ್ತು. ಎರಡು, ಬಡವರು ಹಬ್ಬಕ್ಕೆ ಸಾಲ ಮಾಡುವುದು ಈ ನಾಡಿಗೆ ಹೊಸದೇನಲ್ಲ. ಕೊಳ್ಳಲು ಹಣವಿಲ್ಲದಿದ್ದರೂ ಕೊಳ್ಳಲೇಬೇಕೆಂಬ ಒತ್ತಡ ಬಡತನವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಖರ್ಚಿಲ್ಲದ ಹಬ್ಬಕ್ಕೆ ಸಭೆಯಲ್ಲಿ ಗೌರವವಿದ್ದರೆ ಬಡ ಕುಟುಂಬ ತಲೆಯೆತ್ತಿ ಬರುತ್ತದೆ. ಹಾಗಾಗಿ ಸರಳವಾಗಿರುವ ಜವಾಬ್ದಾರಿ ಉಳ್ಳವರ ಮೇಲೆ ಹೆಚ್ಚು ಬೀಳಬೇಕು. ಮಿಷನ್ನಿನವರೇ ಉಡುಗೊರೆ ಹಂಚಲಿಲ್ಲವೇ ಎಂದೂ ಕೇಳಬಹುದು. ಹಂಚಿದರು. ಇಂಗ್ಲೆಂಡಿನ ಸಭೆಗಳ ಹೆಂಗಸರು ಕಳಿಸಿದ ಬಟ್ಟೆ, ಗೊಂಬೆಗಳ ಪೆಟ್ಟಿಗೆಗಳು ಮಿಷನ್ ಶಾಲೆಗಳ ಬಹುಮಾನದ ದಿನಕ್ಕೆ ಬರುತ್ತಿದ್ದವು. ಆದರೆ ಅಲ್ಲಿ ಕೊಡುಗೆಯ ದಾರಿ ಇದ್ದವರಿಂದ ಇಲ್ಲದವರ ಕಡೆಗೆ ಹೋಗುತ್ತಿತ್ತು. ಇಂದು ಅದು ಬಹುಮಟ್ಟಿಗೆ ಇದ್ದವರಿಂದ ಇದ್ದವರಿಗೇ, ಒಂದೇ ಮನೆಯ ನಾಲ್ಕು ಗೋಡೆಯೊಳಗೆ ಸುತ್ತುತ್ತಿದೆ.

ಪದರಗಳು ಕೂಡಿಕೊಂಡದ್ದು ನಿಧಾನವಾಗಿ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಮುಂದೆ ಗುಬ್ಬಿ, ತಿಪಟೂರು ದಾಟಿ ಹೋಯಿತು. ಅದರೊಂದಿಗೆ ದಂಡಿನ ಪೇಟೆ, ಅಲ್ಲಿಯ ಯುರೋಪಿಯನ್ನರ ಅಂಗಡಿ, ಬೇಕರಿ ಹತ್ತಿರವಾದವು. ಮಿಷನ್ ನೌಕರಿ, ಶಾಲೆಯ ಕೆಲಸ, ಆಮೇಲೆ ಸರ್ಕಾರಿ ಕೆಲಸ ಹಿಡಿದ ಕುಟುಂಬಗಳಿಗೆ ಅಲ್ಲಿಯ ಹಬ್ಬವೇ ಮಾದರಿಯಾಗಿ ಕಂಡದ್ದು ಸಹಜ. ಉಪದೇಶಿಗಳನ್ನೂ ಸಭಾಪಾಲಕರನ್ನೂ ಸಿದ್ಧಪಡಿಸುತ್ತಿದ್ದ ಯೂನಿಯನ್ ಕನ್ನಡ ಸೆಮಿನರಿ ತುಮಕೂರಿನಲ್ಲೇ ಇತ್ತು. 1965ರಲ್ಲಿ ಅದು ಬಾಸೆಲ್ ಮಿಷನ್ನಿನ ಸೆಮಿನರಿಯೊಡನೆ ಕೂಡಿ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಅದಕ್ಕೂ ಮೊದಲೇ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಇಲ್ಲಿಯ ಮೆಥಡಿಸ್ಟರು ಆಂಗ್ಲಿಕನ್ನರೊಂದಿಗೆ ಒಂದಾಗಿದ್ದರು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳ ಕ್ರಮ ಆ ಐಕ್ಯದಿಂದ ಇನ್ನಷ್ಟು ಬಲವಾಯಿತು, ಅದು ಒಳ್ಳೆಯದೇ ಆಯಿತು. ಕಾಯುವ ಕಾಲವನ್ನು ಕಾದೇ ಕಳೆಯುವ ಮನೆ ಡಿಸೆಂಬರ್ ಒಂದಕ್ಕೇ ಹಬ್ಬ ಶುರುಮಾಡಿ ಇಪ್ಪತ್ತೈದಕ್ಕೆ ಸುಸ್ತಾಗುವುದಿಲ್ಲ. ಇನ್ನು ಕೋರ ಹೋಬಳಿಯ ವಸಂತನರಸಾಪುರದಲ್ಲಿ ಕೈಗಾರಿಕೆ ಬೆಳೆದು, 2014ರಲ್ಲಿ ಫುಡ್ ಪಾರ್ಕ್ ತೆರೆದ ಮೇಲೆ ತಿಂಗಳ ಸಂಬಳ, ಕಂತು, ಆನ್‌ಲೈನ್ ಖರೀದಿ ಹಳ್ಳಿಯವರೆಗೂ ಬಂದಿವೆ. ರಾಗಿ ಬೆಳೆಯುವವನ ಹಬ್ಬಕ್ಕೆ ಕಣ ಮಿತಿ ಹಾಕುತ್ತಿತ್ತು. ಕಂತಿನಲ್ಲಿ ಕೊಳ್ಳುವವನಿಗೆ ಮಿತಿಯನ್ನು ತಾನೇ ಹಾಕಿಕೊಳ್ಳಬೇಕು. ಹಿಂದೆ ಬೇಕಿಲ್ಲದಿದ್ದ ನಿರ್ಧಾರ ಈಗ ಬೇಕಾಗಿರುವುದು ಇದಕ್ಕೇ.

ಹಾಗೆಂದು ಬಂದದ್ದನ್ನೆಲ್ಲ ಕಿತ್ತೆಸೆಯಬೇಕೆಂಬುದು ನನ್ನ ವಾದವಲ್ಲ. ಅಂಥ ಪ್ರಯತ್ನ ಚರಿತ್ರೆಯಲ್ಲಿ ನಡೆದಿದೆ: ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ಸನ್ನೇ ನಿಷೇಧಿಸಿತು, ಮ್ಯಾಸಚೂಸೆಟ್ಸ್ 1659ರಿಂದ 1681ರವರೆಗೆ ಆಚರಿಸಿದವರಿಗೆ ದಂಡ ವಿಧಿಸಿತು. ಎರಡೂ ಉಳಿಯಲಿಲ್ಲ. ಡಿಸೆಂಬರ್ 25 ಎಂಬ ತಾರೀಖು ಸುವಾರ್ತೆಗಳಲ್ಲಿ ಇಲ್ಲ, ನಾಲ್ಕನೆಯ ಶತಮಾನದ ರೋಮಿನ ದಾಖಲೆಯಲ್ಲಿ ಕಾಣಿಸುತ್ತದೆ ಎಂಬುದನ್ನು ಹಿಡಿದು ಹಬ್ಬವೇ ಬೇಡವೆನ್ನುವವರಿಗೂ ನನ್ನ ಉತ್ತರ ಚಿಕ್ಕದು: ಹುಟ್ಟಿದ ತಾರೀಖು ತಿಳಿಯದ ಹಿರಿಯರ ನೆನಪಿಗೂ ನಾವು ಒಂದು ದಿನ ಗೊತ್ತುಮಾಡುತ್ತೇವೆ. ಬಾಗಿಲ ಮುಂದಿನ ಕಾಗದದ ನಕ್ಷತ್ರ ದೀಪಾವಳಿಯ ಆಕಾಶಬುಟ್ಟಿಯ ನೆರೆಯಲ್ಲಿ ಸಲೀಸಾಗಿ ನಿಂತಿದೆ, ಕಥೆಗೂ ಹೊಂದುತ್ತದೆ, ಬಿದಿರುಕಡ್ಡಿಯಲ್ಲಿ ಮನೆಯಲ್ಲೇ ಮಾಡಬಹುದು, ಅದು ಇರಲಿ. ಅಸ್ಸೀಸಿಯ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊದಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ತೋರಿಸಿದ ಗೋದಲಿಯೂ ಬಡತನವನ್ನು ನೆನಪಿಸಲೆಂದೇ ಹುಟ್ಟಿದ್ದು. ಕೆಥೋಲಿಕ್ ನೆರೆಯವರಿಂದ ಅದನ್ನು ಕಲಿತರೆ ಲಾಭವೇ. ಯಾವ ವಸ್ತುವಾದರೂ ಕಥೆಯ ಕಡೆಗೆ ಕರೆದೊಯ್ಯುತ್ತದೆಯೇ, ಅಂಗಡಿಯ ಕಡೆಗೆ ಕರೆದೊಯ್ಯುತ್ತದೆಯೇ ಎಂಬುದೊಂದೇ ಪರೀಕ್ಷೆ ಸಾಕು.

ನೆರೆಹೊರೆಯ ಮಾತೂ ಉಳಿದಿದೆ. ಹಬ್ಬವನ್ನು ಮನೆಮಟ್ಟಿಗೆ ಮಾಡಿದರೆ ಅಕ್ಕಪಕ್ಕದವರೊಂದಿಗಿನ ನಂಟು ತಪ್ಪುತ್ತದೆ ಎಂಬ ಅಂಜಿಕೆ ಕ್ರೈಸ್ತರ ನಾಲ್ಕೇ ಮನೆಗಳಿರುವ ಹಳ್ಳಿಯಲ್ಲಿ ನಿಜವಾದದ್ದು. ಆದರೆ ನೆರೆಯವರಿಗೆ ಹೋಗುವುದು ಒಂದು ತಟ್ಟೆ ಕರಜಿಕಾಯಿ, ಒಬ್ಬಟ್ಟು. ಯುಗಾದಿ, ರಂಜಾನ್‌ಗಳಿಗೆ ಅಲ್ಲಿಂದ ಬಂದ ತಟ್ಟೆಗೆ ಅದು ಮರುತಟ್ಟೆ. ಈ ಕೊಡುಕೊಳೆ ಸರಳ ಹಬ್ಬದಲ್ಲಿ ಕಡಿಮೆಯಾಗಬೇಕಾಗಿಲ್ಲ. ಕತ್ತರಿಸಬೇಕಾದದ್ದು ಬೇರೆ ಕಡೆ ಇದೆ: ಪ್ರತಿಯೊಬ್ಬರಿಗೂ ಎರಡೆರಡು ಜೊತೆ ಬಟ್ಟೆ, ಯಾರಿಗೂ ಬೇಡದ ಪ್ಲಾಸ್ಟಿಕ್ ಅಲಂಕಾರ, ಯಾರೋ ನೋಡಲೆಂದು ಮಾಡುವ ಔತಣ.

ಮಕ್ಕಳಿಗೆ ಬೇಸರವಾಗುತ್ತದೆ ಎಂಬುದು ತಂದೆತಾಯಿಗಳು ಕೊನೆಗೆ ಹೇಳುವ ಮಾತು, ಪ್ರೀತಿಯಿಂದ ಹೇಳುವ ಮಾತು. ಮಕ್ಕಳಿಗೆ ಬೇಸರವಾಗುವುದು ಅವರಿಗೆ ಹಬ್ಬದಲ್ಲಿ ಕೆಲಸವಿಲ್ಲದಾಗ. ಕೊಡುಗೆ ಬಿಚ್ಚುವುದು ಐದು ನಿಮಿಷದ ಕೆಲಸ. ನಕ್ಷತ್ರಕ್ಕೆ ಕಾಗದ ಅಂಟಿಸುವುದು, ಭಾನುವಾರದ ಶಾಲೆಯ ನಾಟಕಕ್ಕೆ ಕಂಬಳಿ ಹೊದ್ದು ಕುರುಬನಾಗುವುದು, ಒಂದು ಕ್ರಿಸ್ಮಸ್ ಗೀತೆಯನ್ನು ಪೂರ್ತಿ ಬಾಯಿಪಾಠ ಮಾಡುವುದು, ನೆರೆಮನೆಗೆ ತಟ್ಟೆ ಒಯ್ಯುವುದು, ವರ್ಷವಿಡೀ ತುಂಬಿದ ಹುಂಡಿಯನ್ನು ಒಡೆದು ಎಣಿಸಿ ಯಾರಿಗೆ ಕೊಡಬೇಕೆಂದು ದೊಡ್ಡವರ ಜೊತೆ ಕೂತು ಮಾತಾಡುವುದು, ಇವು ದಿನಗಟ್ಟಲೆಯ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ, ಹಬ್ಬದ ಬೆಳಿಗ್ಗೆ ಲೂಕನ ಆ ಅಧ್ಯಾಯವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದುವ ಕೆಲಸ ಮನೆಯಲ್ಲಿ ಓದಬಲ್ಲ ಅತಿ ಕಿರಿಯ ಮಗುವಿಗೆ ಸಲ್ಲಬೇಕು. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಕನ್ನಡ ಬೈಬಲಿನ ಒತ್ತಕ್ಷರ ತೊಡರುತ್ತದೆ, ಮೊದಲ ವರ್ಷ ತಡವರಿಸುತ್ತದೆ. ಆಗಮನ ಕಾಲದ ಮೊದಲ ಭಾನುವಾರದಿಂದ ದಿನಕ್ಕೆ ಎರಡು ವಚನ ಓದಿಸುತ್ತ ಬಂದರೆ, ಆ ಅಧ್ಯಾಯದ ಮೊದಲ ಇಪ್ಪತ್ತು ವಚನಗಳು ಹಬ್ಬಕ್ಕೆ ಮುಂಚೆಯೇ ನಾಲಿಗೆಗೆ ಹೊಂದುತ್ತವೆ.